ರಾತ್ರಿ ತಿನ್ನುವ ಪ್ರೋಟೀನನ್ನು ಬೆಳಗ್ಗೆಗೆ ತಂದರೆ ಸಂಜೆ ಹಸಿವು ತಗ್ಗುತ್ತಾ?

ಸಂಜೆಹಸಿವು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೀದಾ ವಿಷಯಕ್ಕೆ ಬರುತ್ತೇನೆ. ನನ್ನ ತೂಕ 70 ಕೆಜಿ, ಕೂತು ಮಾಡುವ ಕೆಲಸ, ವಾರಕ್ಕೆ ಮೂರು ಸಲ ಜಿಮ್. ಇತ್ತೀಚೆಗೆ ತಿನ್ನುವುದನ್ನೆಲ್ಲ ತೂಗಿ ಬರೆದಿಡುತ್ತಿದ್ದೇನೆ. ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನ್ ಬರುತ್ತಿದೆ. ಪರವಾಗಿಲ್ಲ ಅನಿಸಿತು. ಆದರೆ ಯಾವ ಹೊತ್ತಿಗೆ ಎಷ್ಟು ಅಂತ ನೋಡಿದರೆ ನಗು ಬರುತ್ತದೆ. ಬೆಳಗ್ಗೆ ಕಾಫಿ, ಎರಡು ಸ್ಲೈಸ್ ಬ್ರೆಡ್ಡು, ಜಾಮು. ಅಲ್ಲಿಗೆ 7 ಗ್ರಾಂ. ಮಧ್ಯಾಹ್ನ 15ರ ಆಸುಪಾಸು. ಮಿಕ್ಕಿದ್ದೆಲ್ಲ ರಾತ್ರಿ 9 ಗಂಟೆಗೆ, ಒಂದೇ ತಟ್ಟೆಯಲ್ಲಿ.

ತೊಂದರೆ ಇರುವುದು ಸಂಜೆ. 5ರಿಂದ 7ರ ನಡುವೆ ಎದುರಿಗೆ ಏನು ಕಂಡರೂ ಬಾಯಿಗೆ ಹೋಗುತ್ತದೆ. ಬಿಸ್ಕೆಟ್ ಪೊಟ್ಟಣ ಬಿಚ್ಚಿದರೆ ಮುಗಿಸದೆ ಬಿಡುವುದಿಲ್ಲ. ಹೊಟ್ಟೆ ಹಸಿದಿದೆಯಾ, ಬರೀ ಚಟವಾ ಅಂತಲೂ ಗೊತ್ತಾಗುವುದಿಲ್ಲ.

ಜಿಮ್‌ನಲ್ಲಿ ಒಬ್ಬರು ಉಪದೇಶ ಕೊಟ್ಟರು. ಬೆಳಗ್ಗೆ ಪ್ರೋಟೀನ್ ತಿಂದರೆ ಇಡೀ ದಿನ ಮೆಟಬಾಲಿಸಂ ಜೋರಾಗಿ ಓಡುತ್ತದಂತೆ. ಒಂದು ಸಲಕ್ಕೆ 30 ಗ್ರಾಂಗಿಂತ ಜಾಸ್ತಿ ತಿಂದರೆ ದೇಹ ಹೀರಿಕೊಳ್ಳುವುದಿಲ್ಲವಂತೆ, ಅಂದರೆ ನನ್ನ ರಾತ್ರಿ ಊಟದ ಅರ್ಧ ಪ್ರೋಟೀನ್ ನೀರುಪಾಲು. ವ್ಯಾಯಾಮ ಮುಗಿದು ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎತ್ತಿದ ಭಾರವೆಲ್ಲ ದಂಡವಂತೆ. ಮಲಗುವ ಮುಂಚೆ ಪ್ರೋಟೀನ್ ಮುಟ್ಟಲೇಬಾರದಂತೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದರು, ನನಗೆ ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ನನಗೆ ಬೇಕಿರುವುದು ಇಷ್ಟೇ. ಒಟ್ಟು ಅಷ್ಟೇ ಇಟ್ಟು ಹೊತ್ತು ಮಾತ್ರ ಬದಲಿಸಿದರೆ ಏನಾದರೂ ಉಪಯೋಗ ಇದೆಯಾ? ತಿಳಿದವರು ಬಿಡಿಸಿ ಹೇಳಿ.

---

ಲೆಕ್ಕಪುಸ್ತಕ

ಮೆಟಬಾಲಿಸಂ ಮಾತು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅಲ್ಲಿ ಬರೀ ಲೆಕ್ಕ ಸಾಕು.

ತಿಂದದ್ದನ್ನು ಜೀರ್ಣಿಸಿ, ಒಡೆದು, ಬೇಕಾದ ಕಡೆ ಸಾಗಿಸಲು ದೇಹ ಒಂದಷ್ಟು ಶಕ್ತಿ ಖರ್ಚು ಮಾಡುತ್ತದೆ. ಪ್ರೋಟೀನಿನಲ್ಲಿ ಈ ಖರ್ಚು ಜಾಸ್ತಿ. ಅದರ ಕ್ಯಾಲೊರಿಯಲ್ಲಿ 20ರಿಂದ 30 ಶೇಕಡ ಅಲ್ಲೇ ಹೋಗುತ್ತದೆ. ಪಿಷ್ಟ, ಸಕ್ಕರೆಗೆ 5ರಿಂದ 10. ಕೊಬ್ಬಿಗೆ 3ರೊಳಗೆ. ಪ್ರೋಟೀನ್ ಮೆಟಬಾಲಿಸಂ ಏರಿಸುತ್ತದೆ ಅನ್ನುವ ಮಾತಿನ ಬೇರು ಇದು. ಸುಳ್ಳಲ್ಲ.

ಈಗ ಹೊತ್ತಿಗೆ ಬನ್ನಿ. ನೀವು ರಾತ್ರಿಯ 30 ಗ್ರಾಂ ಎತ್ತಿ ಬೆಳಗ್ಗೆ ಇಟ್ಟಿರಿ ಅನ್ನಿ. 30 ಗ್ರಾಂ ಅಂದರೆ 120 ಕ್ಯಾಲೊರಿ. ಅದನ್ನು ಜೀರ್ಣಿಸಲು ಹೆಚ್ಚೆಂದರೆ 36 ಕ್ಯಾಲೊರಿ ಖರ್ಚು. ರಾತ್ರಿ ತಿಂದರೂ ಈ ಖರ್ಚು ಪೂರ್ತಿ ಇಲ್ಲವಾಗುವುದಿಲ್ಲ. ರಾತ್ರಿ ಹೊತ್ತು ಅದು ಅರ್ಧಕ್ಕೆ ಇಳಿಯುತ್ತದೆ ಅಂತ ಧಾರಾಳವಾಗಿ ಹಿಡಿದರೂ ನಿಮಗೆ ಸಿಗುವ ಲಾಭ 18 ಕ್ಯಾಲೊರಿ. ಒಂದು ಬಿಸ್ಕೆಟ್ಟಿಗೂ ಸಾಲದು, ನೀವು ಪೊಟ್ಟಣದ ಮಾತಾಡುತ್ತಿದ್ದೀರಿ.

ಆ ಜಿಮ್ ಗೆಳೆಯರು ಬಹುಶಃ ಜರ್ಮನಿಯ ಲ್ಯೂಬೆಕ್‌ನ 2020ರ ಅಧ್ಯಯನದ ಸುದ್ದಿ ಓದಿರಬೇಕು. 16 ಗಂಡಸರಿಗೆ ಅಷ್ಟೇ ಕ್ಯಾಲೊರಿಯ ಊಟವನ್ನು ಬೆಳಗ್ಗೆ ಮತ್ತು ಸಂಜೆ ಕೊಟ್ಟು ಅಳೆದರು. ಊಟದ ನಂತರ ಏರುವ ಖರ್ಚು ಬೆಳಗ್ಗೆ ಎರಡೂವರೆ ಪಟ್ಟು ಇತ್ತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಆದರೆ ಇದರಲ್ಲಿ ಒಂದು ಸಿಕ್ಕು ಇದೆ. ಸುಮ್ನೆ ಮಲಗಿದ್ದರೂ ದೇಹದ ಖರ್ಚು ದಿನದ ಹೊತ್ತಿಗೆ ತಕ್ಕಂತೆ ತಾನಾಗಿಯೇ ಏರಿಳಿಯುತ್ತದೆ. ಬೆಳಗ್ಗೆ ಏರುಮುಖ, ಸಂಜೆ ಮೇಲೆ ಇಳಿಮುಖ. ಊಟಕ್ಕೆ ಮುಂಚಿನ ಒಂದು ಅಳತೆಯನ್ನೇ ಗೆರೆ ಅಂತ ಇಟ್ಟುಕೊಂಡು ಆಮೇಲೆ ಬಂದದ್ದನ್ನೆಲ್ಲ ಊಟದ ಲೆಕ್ಕಕ್ಕೆ ಹಾಕಿದರೆ ಬೆಳಗ್ಗೆಗೆ ತಾನಾಗಿಯೇ ಜಾಸ್ತಿ ಅಂಕ ಬೀಳುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್ ತಂಡ ಇದನ್ನು ಸರಿಪಡಿಸಿ ನೋಡಿದಾಗ ಬೆಳಗ್ಗೆ ಸಂಜೆಯ ವ್ಯತ್ಯಾಸ ಬಹುಪಾಲು ಕರಗಿತು.

ಅದೇ ಊರಿನವರು 2022ರಲ್ಲಿ ಇನ್ನೂ ನೇರವಾದ ಪರೀಕ್ಷೆ ಮಾಡಿದರು. 30 ಜನ. ನಾಲ್ಕು ವಾರ ದಿನದ ಕ್ಯಾಲೊರಿಯ 45 ಶೇಕಡ ಬೆಳಗ್ಗೆ, 35 ಮಧ್ಯಾಹ್ನ, 20 ರಾತ್ರಿ. ಇನ್ನು ನಾಲ್ಕು ವಾರ ಅದನ್ನೇ ತಲೆಕೆಳಗು ಮಾಡಿ. ಊಟವೆಲ್ಲ ಅವರೇ ಕೊಟ್ಟದ್ದು. ಎರಡರಲ್ಲೂ ತೂಕ ಇಳಿದದ್ದು 3.3 ಕೆಜಿಯ ಆಸುಪಾಸು, ಖರ್ಚಾದ ಶಕ್ತಿಯೂ ಒಂದೇ.

ಆದರೆ ಬೆಳಗ್ಗೆ ಜಾಸ್ತಿ ತಿಂದ ವಾರಗಳಲ್ಲಿ ಹಸಿವು ಕಡಿಮೆ ಇತ್ತು. ಹಾಗಾಗಿ ಮೆಟಬಾಲಿಸಂ ಬಿಡಿ, ಹಸಿವಿನ ಕಡೆ ನೋಡಿ. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

---

ತಟ್ಟೆಬಟ್ಟಲು

ನಾನು ಡಯಟಿಷಿಯನ್. ದಿನವೂ ಕೇಳುವ ದೂರು ಇದು. ಬೆಳಗ್ಗೆ ಏನೂ ಸೇರುವುದಿಲ್ಲ ಮೇಡಂ, ಸಂಜೆ ಮಾತ್ರ ತಡೆಯೋಕಾಗಲ್ಲ ಅಂತ. ಬರುವವರು ಇದನ್ನು ತಮ್ಮ ಮನಸ್ಸಿನ ದೌರ್ಬಲ್ಯ ಅಂದುಕೊಂಡಿರುತ್ತಾರೆ. ಸ್ವಲ್ಪ ಮಟ್ಟಿಗೆ ಇದು ದೇಹದ ಗಡಿಯಾರದ ಕೆಲಸ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಜನರನ್ನು ಮಂದ ಬೆಳಕಿನ ಲ್ಯಾಬಿನಲ್ಲಿ ಇಟ್ಟು, ನಿದ್ದೆ, ಊಟ ಎಲ್ಲವನ್ನೂ 24 ಗಂಟೆಯ ಲಯದಿಂದ ಬಿಡಿಸಿ ಹಸಿವನ್ನು ಮಾತ್ರ ಹಿಂಬಾಲಿಸಿದರು. ಯಾವಾಗ ಉಂಡರೂ ಯಾವಾಗ ಮಲಗಿದರೂ ಹಸಿವು ಬೆಳಗ್ಗೆ 8ರ ಹೊತ್ತಿಗೆ ತಳ ಕಂಡು, ರಾತ್ರಿ 8ರ ಹೊತ್ತಿಗೆ ನೆತ್ತಿಗೇರುತ್ತಿತ್ತು. ನಿಮ್ಮ 5ರಿಂದ 7 ಅನ್ನುವುದು ಆ ಏರಿನ ಮೇಲೇ ಇದೆ. ಅದರ ಮೇಲೆ ಬೆಳಗ್ಗೆ ಬ್ರೆಡ್ಡು ಜಾಮು. ಪಾಪ, ನೀವಾದರೂ ಏನು ಮಾಡುತ್ತೀರಿ.

ಪ್ರೋಟೀನ್ ಇಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂದರೆ, ಅದು ಕರುಳಿಗೆ ತಲುಪಿದಾಗ ಸಾಕು ಅನ್ನುವ ಸಂದೇಶ ಕಳಿಸುವ ಹಾರ್ಮೋನುಗಳು ಏರುತ್ತವೆ. ಪಿವೈವೈ, ಜಿಎಲ್‌ಪಿ-1, ಸಿಸಿಕೆ ಇವೆಲ್ಲ ಆ ಗುಂಪು. ಹಸಿವು ಹೊತ್ತಿಸುವ ಗ್ರೆಲಿನ್ ಇಳಿಯುತ್ತದೆ. ಜೊತೆಗೆ ಹೊಟ್ಟೆ ಖಾಲಿಯಾಗುವುದೂ ನಿಧಾನ. ಇವೆಲ್ಲ ಯಾವ ಹೊತ್ತಿನಲ್ಲೂ ನಡೆಯುತ್ತವೆ. ರಾತ್ರಿ 9ಕ್ಕೆ ನಡೆದರೆ ಆ ತೃಪ್ತಿಯನ್ನು ನೀವು ನಿದ್ದೆಯಲ್ಲಿ ಕಳೆಯುತ್ತೀರಿ, ಅಷ್ಟೇ ವ್ಯತ್ಯಾಸ.

ಅಮೆರಿಕದ ಹೆದರ್ ಲೀಡಿ ಅನ್ನುವ ಸಂಶೋಧಕಿ ಇದೇ ವಿಷಯದಲ್ಲಿ ತುಂಬಾ ಕೆಲಸ ಮಾಡಿದ್ದಾರೆ. 2013ರ ಅವರ ಅಧ್ಯಯನದಲ್ಲಿ ಬೆಳಗಿನ ತಿಂಡಿ ಬಿಡುವ ಅಭ್ಯಾಸದ, ತೂಕ ಜಾಸ್ತಿ ಇದ್ದ 20 ಹುಡುಗಿಯರಿದ್ದರು. ಒಮ್ಮೆ ಏನೂ ಕೊಡಲಿಲ್ಲ, ಒಮ್ಮೆ 13 ಗ್ರಾಂ ಪ್ರೋಟೀನಿನ ತಿಂಡಿ, ಒಮ್ಮೆ 35 ಗ್ರಾಂನದ್ದು. ತಿಂಡಿ ಎರಡರಲ್ಲೂ ಕ್ಯಾಲೊರಿ ಒಂದೇ, 350. ಸಂಜೆ ಕೊಬ್ಬಿನ ಕುರುಕಲು ತಿನ್ನುವುದು ಇಳಿದದ್ದು 35 ಗ್ರಾಂ ತಿಂದಾಗ ಮಾತ್ರ. 13 ಗ್ರಾಂ ತಿಂದಾಗ ಬೆಳಗ್ಗೆ ಹೊಟ್ಟೆ ತುಂಬಿದ ಹಾಗಾಯಿತು, ಸಂಜೆಯ ಕೈ ನಿಲ್ಲಲಿಲ್ಲ. ಅದಕ್ಕೂ ಮುಂಚೆ 2009ರಲ್ಲಿ, ಕ್ಯಾಲೊರಿ ಕಡಿಮೆ ಮಾಡಿದ ಗಂಡಸರಿಗೆ ಹೆಚ್ಚುವರಿ ಪ್ರೋಟೀನನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಕೊಟ್ಟು ನೋಡಿದ್ದರು. ದಿನದುದ್ದಕ್ಕೂ ತೃಪ್ತಿ ಉಳಿದದ್ದು ಬೆಳಗ್ಗೆ ಕೊಟ್ಟಾಗ.

ಇವು ಸಣ್ಣ ಅಧ್ಯಯನಗಳು, ಕೆಲವೇ ದಿನಗಳವು. ನಾನು ಅವುಗಳ ಮೇಲೆ ಮನೆ ಕಟ್ಟುವುದಿಲ್ಲ. ಆದರೆ ನಿಮ್ಮ ದೂರಿಗೆ ಇಷ್ಟು ನೇರವಾಗಿ ಹೊಂದುವ ಮಾಹಿತಿ ಬೇರೆ ಇಲ್ಲ, ಪ್ರಯತ್ನಿಸಿದರೆ ಕಳೆದುಕೊಳ್ಳುವುದೂ ಇಲ್ಲ.

ಇನ್ನೊಂದು ಮಾತು. ಸಿಂಪ್ಸನ್ ಮತ್ತು ರಾಬೆನ್‌ಹೈಮರ್ ಅನ್ನುವ ಇಬ್ಬರು ಜೀವವಿಜ್ಞಾನಿಗಳು 2005ರಲ್ಲಿ ಒಂದು ವಾದ ಮುಂದಿಟ್ಟರು. ದೇಹ ತನಗೆ ಬೇಕಾದಷ್ಟು ಪ್ರೋಟೀನ್ ಸಿಗುವ ತನಕ ತಿನ್ನಿಸುತ್ತಲೇ ಇರುತ್ತದೆ, ಊಟದಲ್ಲಿ ಅದು ತೆಳುವಾಗಿದ್ದರೆ ಉಳಿದ ಕ್ಯಾಲೊರಿ ಜಾಸ್ತಿ ಒಳಗೆ ಹೋಗುತ್ತದೆ ಅಂತ. 2011ರಲ್ಲಿ ಸಿಡ್ನಿಯಲ್ಲಿ ಇದನ್ನು 22 ಜನರ ಮೇಲೆ ನೋಡಿದರು. ಪ್ರೋಟೀನ್ 15 ಶೇಕಡದಿಂದ 10ಕ್ಕೆ ಇಳಿಸಿದಾಗ ಅವರು 12 ಶೇಕಡ ಜಾಸ್ತಿ ಕ್ಯಾಲೊರಿ ತಿಂದರು. ಆ ಜಾಸ್ತಿ ಬಂದದ್ದು ಹೆಚ್ಚಾಗಿ ಎಲ್ಲಿಂದ ಗೊತ್ತಾ? ಊಟದಿಂದ ಅಲ್ಲ, ನಡುನಡುವೆ ತಿಂದ ಕುರುಕಲಿನಿಂದ. ಆದರೆ 15ರಿಂದ 25ಕ್ಕೆ ಏರಿಸಿದಾಗ ತಿನ್ನುವುದು ಮತ್ತೆ ಕಡಿಮೆಯಾಗಲಿಲ್ಲ. ಅದಕ್ಕೇ ಹೇಳುವುದು, ಕೊರತೆ ತುಂಬಿಕೊಳ್ಳುವ ತನಕ ಲಾಭ ಇದೆ, ಆಮೇಲೆ ಸುರಿದುಕೊಂಡರೆ ವಿಶೇಷ ಇಲ್ಲ. ದಿನಪೂರ್ತಿಯ ಈ ಲೆಕ್ಕವನ್ನು ಹೊತ್ತುಹೊತ್ತಿಗೆ ಇಳಿಸುವುದು ನನ್ನ ಅಂದಾಜು, ಆದರೂ ಹೇಳುತ್ತೇನೆ: ಸಂಜೆಯ ತನಕ ನಿಮಗೆ ಬಂದಿರುವುದು 75ರಲ್ಲಿ 22 ಗ್ರಾಂ. ನಿಮ್ಮ ದಿನದ ಮೂರರಲ್ಲಿ ಎರಡು ಭಾಗ ತೀರಾ ಕಡಿಮೆ ಪ್ರೋಟೀನಿನಲ್ಲಿ ಓಡುತ್ತಿದೆ.

ಬೆಳಗ್ಗೆ 25 ಗ್ರಾಂ ಗುರಿ ಇಡಿ. ಎರಡು ಮೊಟ್ಟೆಗೆ 12, ದೊಡ್ಡ ಲೋಟ ಹಾಲು 250 ಮಿಲಿಗೆ 8, ನಿಮ್ಮ ಎರಡು ಸ್ಲೈಸ್ ಬ್ರೆಡ್ಡಿಗೆ 5. ಆಯಿತು. ಮೊಟ್ಟೆ ತಿನ್ನದವರು ನೀರು ಇಳಿಸಿದ ಗಟ್ಟಿ ಮೊಸರು 200 ಗ್ರಾಂ ತೆಗೆದುಕೊಂಡರೆ 20ರ ಹತ್ತಿರ ಬರುತ್ತದೆ, ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ. ಬೇಯಿಸಿದ ಬೇಳೆಯಲ್ಲಿ 100 ಗ್ರಾಂಗೆ 9 ಅಂತ ಪುಸ್ತಕದಲ್ಲಿ ಇರುತ್ತದೆ, ಅದು ಗಟ್ಟಿ ಬೇಳೆಗೆ. ಪಾತ್ರೆಯಲ್ಲಿ ಸೌಟು ಮುಳುಗಿಸಿದಾಗ ಮೇಲಿನ ತಿಳಿ ಬಂದರೆ ಅದರಲ್ಲಿ ಮೂರನೇ ಒಂದು ಭಾಗವೂ ಸಿಗದು. ತಳ ಕಲಕಿ ಬಡಿಸಿಕೊಳ್ಳಿ. ತೂಗಿ ಬರೆಯುವವರೆಲ್ಲ ಎಡವುವ ಜಾಗ ಇದೇ.

---

ಕಬ್ಬಿಣ_ಎತ್ತುವವ

ಗುರು, ಅರ್ಧ ಗಂಟೆಯ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಪ್ರೋಟೀನ್ ಡಬ್ಬಿ ಮಾರುವವರಿಗೆ ಅದರಿಂದ ಒಳ್ಳೆ ವ್ಯಾಪಾರ, ಮಿಕ್ಕವರಿಗೆ ಟೆನ್ಷನ್.

ಷೋನ್‌ಫೆಲ್ಡ್, ಅರಗಾನ್, ಕ್ರೀಗರ್ ಅನ್ನುವ ಮೂವರು ಸಂಶೋಧಕರು ಸೇರಿ 2013ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಮೇಲ್ನೋಟಕ್ಕೆ ವ್ಯಾಯಾಮದ ಆಚೀಚೆ ಪ್ರೋಟೀನ್ ತಿಂದವರಿಗೆ ಸ್ನಾಯು ಜಾಸ್ತಿ ಬೆಳೆದಂತೆ ಕಂಡಿತು. ಆದರೆ ಅವರು ಇಡೀ ದಿನದಲ್ಲೂ ಜಾಸ್ತಿ ಪ್ರೋಟೀನ್ ತಿಂದಿದ್ದರು! ಒಟ್ಟು ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಹೊತ್ತಿನ ಲಾಭ ಮಾಯ. 2017ರಲ್ಲಿ 25 ಗ್ರಾಂ ಪ್ರೋಟೀನನ್ನು ಒಂದು ಗುಂಪಿಗೆ ವ್ಯಾಯಾಮಕ್ಕೆ ಮುಂಚೆ, ಇನ್ನೊಂದಕ್ಕೆ ಆಮೇಲೆ ಕೊಟ್ಟು 10 ವಾರ ನೋಡಿದರು. ಎರಡೂ ಒಂದೇ. ಭಾರ ಎತ್ತಿದ ಮೇಲೆ ಸ್ನಾಯು ಒಂದು ದಿನಕ್ಕೂ ಹೆಚ್ಚು ಹೊತ್ತು ಪ್ರೋಟೀನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಅರ್ಧ ಗಂಟೆಗೆ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ. ರಾತ್ರಿಯಿಂದ ಏನೂ ತಿನ್ನದೆ ಬೆಳಗ್ಗೆ ಎದ್ದು ಸೀದಾ ಜಿಮ್‌ಗೆ ಹೋಗುವವರು ಮಾತ್ರ ಮುಗಿದ ಮೇಲೆ ಬೇಗ ಏನಾದರೂ ತಿನ್ನುವುದು ಒಳ್ಳೆಯದು.

30 ಗ್ರಾಂ ಮಿತಿ ಕೂಡ ಅರ್ಧಂಬರ್ಧ ಕೇಳಿದ ಮಾತು. ಹೀರಿಕೊಳ್ಳುವುದು ಬೇರೆ, ಸ್ನಾಯು ಕಟ್ಟಲು ಬಳಸುವುದು ಬೇರೆ. ಕರುಳು ಎಲ್ಲವನ್ನೂ ಹೀರಿಕೊಳ್ಳುತ್ತದೆ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ ಅಷ್ಟೇ. ಸ್ನಾಯುವಿಗೂ ಒಂದು ಸಲಕ್ಕೆ 20-25 ಗ್ರಾಂ ಸಾಕು ಅಂತ ಬಹಳ ದಿನ ನಂಬಿದ್ದರು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ತಂಡ 2023ರಲ್ಲಿ 36 ಯುವಕರನ್ನು ಗುಂಪು ಮಾಡಿ ವ್ಯಾಯಾಮದ ನಂತರ ಒಂದು ಗುಂಪಿಗೆ 25 ಗ್ರಾಂ, ಒಂದಕ್ಕೆ 100 ಗ್ರಾಂ ಹಾಲಿನ ಪ್ರೋಟೀನ್, ಒಂದಕ್ಕೆ ಬರೀ ನೀರಿನಂಥದ್ದು ಕೊಟ್ಟು 12 ಗಂಟೆ ಹಿಂಬಾಲಿಸಿತು. ಹಿಂದಿನವರು ನಾಲ್ಕೈದು ಗಂಟೆಗೇ ಅಳತೆ ನಿಲ್ಲಿಸುತ್ತಿದ್ದರು, ಅದಕ್ಕೇ ಅವರಿಗೆ ಕಂಡಿರಲಿಲ್ಲ. 100 ಗ್ರಾಂ ತಿಂದವರಲ್ಲಿ ಸ್ನಾಯು ಕಟ್ಟುವ ಕೆಲಸ ಜಾಸ್ತಿಯೂ ಇತ್ತು, 12 ಗಂಟೆಯಾದರೂ ನಡೆಯುತ್ತಲೇ ಇತ್ತು. ಹಾಗಾಗಿ ನಿಮ್ಮ ರಾತ್ರಿಯ ತಟ್ಟೆ ನೀರುಪಾಲಾಗಿಲ್ಲ, ಆರಾಮಾಗಿರಿ.

ಮಲಗುವ ಮುಂಚೆ ಮುಟ್ಟಬಾರದು ಅನ್ನುವುದಂತೂ ಉಲ್ಟಾ. 2012ರಲ್ಲಿ ಸಂಜೆ ವ್ಯಾಯಾಮ ಮಾಡಿದವರಿಗೆ ಮಲಗುವ ಮುಂಚೆ 40 ಗ್ರಾಂ ಕೇಸಿನ್ (ಹಾಲಿನ ಒಂದು ಪ್ರೋಟೀನ್) ಕೊಟ್ಟಾಗ ರಾತ್ರಿಯ ಸ್ನಾಯು ನಿರ್ಮಾಣ 22 ಶೇಕಡದಷ್ಟು ಏರಿತ್ತು. ಆದರೆ ಅವರ ಪಕ್ಕದ ಗುಂಪಿಗೆ ಪ್ರೋಟೀನೇ ಕೊಟ್ಟಿರಲಿಲ್ಲ. ಜಾಸ್ತಿ ತಿಂದದ್ದರ ಫಲವೋ, ರಾತ್ರಿ ತಿಂದದ್ದರ ಫಲವೋ ಅದರಿಂದ ಹೇಳಲು ಬರುವುದಿಲ್ಲ. ಕೆಟ್ಟದ್ದಂತೂ ಅಲ್ಲ.

ಹಂಚಿ ತಿಂದರೆ ಒಳ್ಳೆಯದಾ ಅಂದರೆ, ಹೌದು ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ. 2014ರ ಒಂದು ಅಧ್ಯಯನದಲ್ಲಿ ಒಂದೇ 90 ಗ್ರಾಂ ಅನ್ನು ಮೂರು ಹೊತ್ತಿಗೆ 30ರಂತೆ ಸಮ ಹಂಚಿದಾಗ, 10, 15, 65 ಅಂತ ರಾತ್ರಿಗೆ ಸುರಿದದ್ದಕ್ಕಿಂತ ಸ್ನಾಯು ನಿರ್ಮಾಣ 25 ಶೇಕಡ ಜಾಸ್ತಿ ಕಂಡಿತು. ಈ ಎರಡನೆಯದು ಹೆಚ್ಚುಕಡಿಮೆ ನಿಮ್ಮದೇ ತಟ್ಟೆ ನೋಡಿ. ಆದರೆ ಇದ್ದದ್ದು ಎಂಟು ಜನ. ಮರುವರ್ಷ ವಯಸ್ಸಾದವರ ಮೇಲೆ ನಡೆದ ಇನ್ನೊಂದರಲ್ಲಿ ಹಂಚಿಕೆಯಿಂದ ವ್ಯತ್ಯಾಸವೇ ಬರಲಿಲ್ಲ, ಒಟ್ಟು ಜಾಸ್ತಿ ತಿಂದವರಿಗೆ ಲಾಭ ಆಯಿತು.

ಅದಿರಲಿ. ನೀವು ಭಾರ ಎತ್ತುತ್ತೀರಿ, 70 ಕೆಜಿಗೆ 75 ಗ್ರಾಂ ತಿನ್ನುತ್ತೀರಿ. ಭಾರ ಎತ್ತುವವರಿಗೆ ದಿನಕ್ಕೆ ದೇಹತೂಕದ ಕೆಜಿಗೆ 1.6 ಗ್ರಾಂ ತನಕ ಉಪಯೋಗ ಇದೆ ಅಂತ 2018ರ ದೊಡ್ಡ ವಿಶ್ಲೇಷಣೆ ಹೇಳಿತು, ಅಂದರೆ 112. ರಾತ್ರಿಯದನ್ನು ಮುಟ್ಟದೆ ಬೆಳಗ್ಗೆ 20-25 ಸೇರಿಸಿ. ಎಳೆದಾಡುವ ಪ್ರಮೇಯವೇ ಇಲ್ಲ.

---

ಹನ್ನೆರಡರ_ಮೇಲೆ

ಇಷ್ಟು ಹೇಳಿದ ಮೇಲೂ ನಾನು ಒಪ್ಪುವುದಿಲ್ಲ. ಬೆಳಗ್ಗೆ ಹಸಿವಿಲ್ಲದವನಿಗೆ ಯಾಕೆ ತುರುಕಬೇಕು? ನಾನು ಮಧ್ಯಾಹ್ನ 12ರ ತನಕ ಬರೀ ಕಪ್ಪು ಕಾಫಿ. 12ಕ್ಕೆ ದೊಡ್ಡ ಊಟ, 40 ಗ್ರಾಂ ಪ್ರೋಟೀನ್, ಸಂಜೆ 7ಕ್ಕೆ ಇನ್ನೊಂದು ಅಂಥದ್ದೇ. ಸಂಜೆ ನನಗೆ ಯಾವ ಕಾಟವೂ ಇಲ್ಲ. ಬೆಳಗ್ಗೆ ತಿಂದ ದಿನ 11ಕ್ಕೇ ಮತ್ತೆ ಹೊಟ್ಟೆ ಕರೆಯುತ್ತದೆ.

ಮತ್ತೆ ತಿಂಡಿ ಬಿಟ್ಟರೆ ಮೆಟಬಾಲಿಸಂ ಬಿದ್ದುಹೋಗುತ್ತದೆ ಅಂತ ಹೆದರಿಸುವವರಿಗೆ ಒಂದು ಮಾತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2014ರಲ್ಲಿ ಆರು ವಾರ ಪರೀಕ್ಷಿಸಿದರು. ಒಂದು ಗುಂಪಿನವರು 11ರೊಳಗೆ 700 ಕ್ಯಾಲೊರಿ ತಿನ್ನಬೇಕು, ಇನ್ನೊಂದು ಗುಂಪಿನವರು 12ರ ತನಕ ಉಪವಾಸ. ವಿಶ್ರಾಂತಿಯಲ್ಲಿ ಖರ್ಚಾಗುವ ಕ್ಯಾಲೊರಿ ಎರಡು ಗುಂಪಿನಲ್ಲೂ ಕದಲಲಿಲ್ಲ.

---

ತಟ್ಟೆಬಟ್ಟಲು

ನಿಮ್ಮ ಪದ್ಧತಿ ನಿಮಗೆ ಒಗ್ಗಿದ್ದರೆ ಬಿಡಬೇಡಿ. ನೀವು ಮೊದಲ ಊಟದಲ್ಲೇ 40 ಗ್ರಾಂ ಮುಗಿಸುತ್ತೀರಿ, ಅದನ್ನೇ ನಾನೂ ಹೇಳುತ್ತಿರುವುದು. ಗಡಿಯಾರದಲ್ಲಿ 8 ಆಗಿರಬೇಕು ಅಂತಿಲ್ಲ, ದಿನದ ಮೊದಲ ಊಟ ಬರೀ ಪಿಷ್ಟ ಆಗಬಾರದು. ಗ್ರೆಲಿನ್ ಕೂಡ ನಾವು ರೂಢಿ ಮಾಡಿಕೊಂಡ ಊಟದ ಹೊತ್ತಿಗೆ ಮುಂಚೆ ಏರುತ್ತದೆ. ನಿಮ್ಮ ದೇಹ 12ಕ್ಕೆ ಕಾಯುವುದನ್ನು ಕಲಿತಿದೆ, ಅಪರೂಪಕ್ಕೆ ತಿಂಡಿ ತಿಂದ ದಿನ ಎಡವಟ್ಟಾಗುವುದು ಸಹಜ.

ಆದರೆ ಬಾತ್ ಅಧ್ಯಯನದ ಇನ್ನರ್ಧವನ್ನೂ ಹೇಳಿ ಸ್ವಾಮಿ. ತಿಂಡಿ ತಿಂದವರು ಹಗಲು ಜಾಸ್ತಿ ಓಡಾಡಿದ್ದರು, ಅದರಿಂದ ಅವರ ಖರ್ಚು ಏರಿತ್ತು. 2022ರಲ್ಲಿ ಇನ್ನೊಂದು ಬಂತು: 16 ಜನರಿಗೆ ಅದೇ ಊಟ, ಅದೇ ಕ್ಯಾಲೊರಿ, ಎಲ್ಲವನ್ನೂ ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟರು. ಹಸಿವು ಏರಿತು, ಎಚ್ಚರವಿದ್ದಾಗಿನ ಖರ್ಚು ತುಸು ಇಳಿಯಿತು. ನಿಮ್ಮದು 7ಕ್ಕೆ ಮುಗಿಯುತ್ತದೆ, ಅದಕ್ಕೇ ಬಚಾವ್. ಮೇಲೆ ಪ್ರಶ್ನೆ ಕೇಳಿದವರು 9ಕ್ಕೆ ಉಣ್ಣುತ್ತಾರೆ.

---

ಮನೆಯಲ್ಲೇ_ಮಗಳು

ನನ್ನ ತಂದೆ ತಾಯಿ ಇಬ್ಬರಿಗೂ 70 ದಾಟಿದೆ, ಅಪ್ಪನಿಗೆ ಸಕ್ಕರೆ ಕಾಯಿಲೆ. ಈ ಮಾತುಕತೆಯೆಲ್ಲ ಜಿಮ್ ಹುಡುಗರ ಸುತ್ತಲೇ ಸುತ್ತುತ್ತಿದೆ, ಅದಕ್ಕೆ ಎರಡು ಮಾತು.

ವಯಸ್ಸಾದ ಸ್ನಾಯು ಸ್ವಲ್ಪ ಕಿವುಡು. ಯುವಕರಿಗೆ ಒಂದು ಹೊತ್ತಿಗೆ ಕೆಜಿಗೆ 0.24 ಗ್ರಾಂ ಸಾಕಾದರೆ ವಯಸ್ಸಾದವರಿಗೆ 0.40ರ ತನಕ ಬೇಕು ಅಂತ 2015ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತು. 60 ಕೆಜಿಗೆ 14ರ ಬದಲು 24 ಗ್ರಾಂ. ನನ್ನ ಅಮ್ಮನ ಬೆಳಗ್ಗೆ ಅಂದರೆ ಚಹಾ, ಅದರಲ್ಲಿ ಅದ್ದಿದ ಎರಡು ರಸ್ಕು. ರಾತ್ರಿ ಹಲ್ಲು ನೋವು ಅಂತ ಗಂಜಿ. ಯಾವ ಹೊತ್ತಿನಲ್ಲೂ ಆ 24 ಮುಟ್ಟುತ್ತಿರಲಿಲ್ಲ. ಇಂಥವರಿಗೆ ಹೊತ್ತು ಮುಖ್ಯವೋ ಒಟ್ಟು ಮುಖ್ಯವೋ ಅಂತ ವಾದ ಮಾಡುವುದೇ ಬೇಡ, ಎರಡೂ ಇಲ್ಲ. ಈಗ ಗಂಜಿಗೆ ಹಾಲಿನ ಪುಡಿ ಕಲಸುತ್ತೇನೆ, ಬೆಳಗ್ಗೆ ಮೊಟ್ಟೆಯನ್ನು ಮೆತ್ತಗೆ ಕಲಕಿ ಕೊಡುತ್ತೇನೆ. ರಸ್ಕು ಬಿಡಿಸಲು ಮಾತ್ರ ಆಗಿಲ್ಲ.

ಅಪ್ಪನ ವಿಷಯದಲ್ಲಿ ಹೊತ್ತಿನ ಇನ್ನೊಂದು ಮುಖ ಇದೆ. ಒಂದೇ ಊಟದೊಳಗೆ ಯಾವುದು ಮೊದಲು ಅನ್ನುವುದು. 2015ರಲ್ಲಿ ನ್ಯೂಯಾರ್ಕಿನಲ್ಲಿ 11 ಮಂದಿ ಮಧುಮೇಹಿಗಳ ಮೇಲೆ ನೋಡಿದರು. ಒಂದು ದಿನ ಬ್ರೆಡ್ಡು, ಕಿತ್ತಳೆ ರಸ ಮೊದಲು, 15 ನಿಮಿಷ ಬಿಟ್ಟು ಕೋಳಿ, ತರಕಾರಿ. ಇನ್ನೊಂದು ದಿನ ಅದನ್ನೇ ಹಿಂದುಮುಂದು. ಪ್ರೋಟೀನ್, ತರಕಾರಿ ಮೊದಲು ತಿಂದ ದಿನ ಒಂದು ಗಂಟೆಯ ನಂತರದ ಸಕ್ಕರೆ 37 ಶೇಕಡದಷ್ಟು ಕಡಿಮೆ. ಊಟ ಅದೇ, ಸರದಿ ಮಾತ್ರ ಬೇರೆ. ಪ್ರೋಟೀನ್ ಮೊದಲು ಹೋದರೆ ಹೊಟ್ಟೆಯಿಂದ ಊಟ ನಿಧಾನವಾಗಿ ಇಳಿಯುತ್ತದೆ, ಇನ್ಸುಲಿನ್ ಸಿದ್ಧವಾಗಲು ಸಮಯ ಸಿಗುತ್ತದೆ. ಅಪ್ಪ ಈಗ ತಟ್ಟೆಯಲ್ಲಿ ಬೇಳೆ, ಪಲ್ಯ ಮೊದಲು ಖಾಲಿ ಮಾಡಿ ಆಮೇಲೆ ಅನ್ನಕ್ಕೆ ಕೈ ಹಾಕುತ್ತಾರೆ. ಗೊಣಗುತ್ತಾರೆ, ಮಾಡುತ್ತಾರೆ. ಅವರ ಮೀಟರಿನಲ್ಲಿ ನಮಗೆ ವ್ಯತ್ಯಾಸ ಕಾಣುತ್ತದೆ.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೇಲೆ ಒಬ್ಬರು ಹೇಳಿದ 12ರ ತನಕ ಉಪವಾಸವನ್ನು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ಸಕ್ಕರೆ ತೀರಾ ಇಳಿದುಬಿಡಬಹುದು. ಕಿಡ್ನಿ ತೊಂದರೆ ಇರುವವರಿಗೆ ಪ್ರೋಟೀನ್ ಎಷ್ಟು ಅನ್ನುವುದನ್ನೂ ಡಾಕ್ಟರೇ ಹೇಳಬೇಕು.

---

ಸಂಜೆಹಸಿವು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಓದಿದ ಮೇಲೆ ಬೆಳಗಿನ ತಿಂಡಿ ಬದಲಿಸಿದೆ, ಎರಡು ಮೊಟ್ಟೆ, ಹಾಲು, ಬ್ರೆಡ್ಡು. ರಾತ್ರಿಯದನ್ನು ಹಾಗೇ ಬಿಟ್ಟಿದ್ದೇನೆ. ಕೆಲವು ದಿನ ನೋಡಿ ಈಗ ಬರೆಯುತ್ತಿದ್ದೇನೆ.

ಮೊದಲಿಗೆ ಏನೂ ಅನಿಸಲಿಲ್ಲ, ಸುಮ್ನೆ ಹೊಟ್ಟೆ ಭಾರ. ಆಮೇಲಾಮೇಲೆ 11 ಗಂಟೆಯ ಚಡಪಡಿಕೆ ಹೋಯಿತು. ಸಂಜೆ ಈಗಲೂ ಏನಾದರೂ ಬೇಕು ಅನಿಸುತ್ತದೆ, ಆದರೆ ಎರಡು ಬಿಸ್ಕೆಟ್ ತಿಂದು ಪೊಟ್ಟಣ ಮಡಚಿಡಲು ಆಗುತ್ತಿದೆ. ಮೀಟಿಂಗ್ ಉದ್ದವಾದ ದಿನ ಮಾತ್ರ ಏನೂ ನಡೆಯುವುದಿಲ್ಲ, ಅದು ಹಸಿವಲ್ಲ ಬಿಡಿ, ಬೇಜಾರು. ತೂಕದಲ್ಲಿ ಇನ್ನೂ ಏನೂ ಕಂಡಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಆತುರದ ದಿನ ಮೊಟ್ಟೆ ಬೇಯಿಸಲು ಆಗುವುದಿಲ್ಲ. ವೇ ಪುಡಿಯನ್ನು (ಹಾಲೊಡಕಿನ ಪ್ರೋಟೀನ್ ಪುಡಿ) ಬಿಸಿ ಕಾಫಿಗೆ ಹಾಕಿದೆ, ಗಂಟು ಗಂಟಾಗಿ ಒಡೆದ ಹಾಲಿನಂತಾಯಿತು. ಬಿಸಿಗೆ ಪ್ರೋಟೀನ್ ಹಾಳಾಗುತ್ತಾ? ಮತ್ತೆ ಕುಡಿದರೂ ತಿಂದಷ್ಟೇ ಹೊಟ್ಟೆ ತುಂಬುತ್ತಾ?

---

ಕಬ್ಬಿಣ_ಎತ್ತುವವ

ಹಾಳಾಗುವುದಿಲ್ಲ. ಬಿಸಿಗೆ ಅದರ ಆಕಾರ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದಕ್ಕೇ ಗಂಟು. ಮೊಟ್ಟೆ ಬೇಯಿಸಿದಾಗ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಹೊಟ್ಟೆಯ ಆಮ್ಲ ಹೇಗಿದ್ದರೂ ಆ ಕೆಲಸ ಮಾಡುತ್ತದೆ. ಗ್ರಾಂ ಲೆಕ್ಕದಲ್ಲಿ ಒಂದು ಚೂರೂ ನಷ್ಟ ಇಲ್ಲ.

ಪುಡಿಯನ್ನು ಮೊದಲು ಸ್ವಲ್ಪ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಪೇಸ್ಟ್ ಮಾಡಿಕೊಳ್ಳಿ. ಕಾಫಿ ಕುದಿಯುವಾಗ ಬೇಡ, ಬಾಯಿಗೆ ಇಡುವ ಬಿಸಿಗೆ ಇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹುಯ್ಯುತ್ತಾ ಕಲಕಿ.

---

ತಟ್ಟೆಬಟ್ಟಲು

ಎರಡನೆಯದಕ್ಕೆ ನನ್ನ ಉತ್ತರ: ಸಾಮಾನ್ಯವಾಗಿ ಅಗಿದು ತಿಂದದ್ದು ಕುಡಿದದ್ದಕ್ಕಿಂತ ಜಾಸ್ತಿ ಹೊತ್ತು ತಡೆಯುತ್ತದೆ. ವೇ ಬೇಗ ಜೀರ್ಣವಾಗುವ ಜಾತಿಯದು ಬೇರೆ. ಆತುರದ ದಿನಕ್ಕೆ ಪುಡಿ ಪರವಾಗಿಲ್ಲ, ಆದರೆ ಜೊತೆಗೆ ಬ್ರೆಡ್ಡೋ ಹಣ್ಣೋ ಏನಾದರೂ ಅಗಿಯುವಂಥದ್ದು ಇರಲಿ. ಅದಕ್ಕಿಂತ ಸುಲಭ ಅಂದರೆ ಮೊಟ್ಟೆಗಳನ್ನು ರಾತ್ರಿಯೇ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿ ಇಟ್ಟುಬಿಡಿ, ಒಂದು ವಾರದೊಳಗೆ ಮುಗಿಸಿ.